ಕುಲುಮೆಯೊಳಗಿನ ಪೊಳ್ಳು

ಘಟಕದಲ್ಲಿ ಎಲ್ಲರೂ ಅವಳನ್ನು ಲೆಕ್ಕದ ಸೊಸೆ ಎಂದೇ ಕರೆಯುತ್ತಿದ್ದರು. ಹಗಲು ಪಾಳಿಯ ಮುಖ್ಯಸ್ಥರು ಅವಳ ಮಾವ, ಹಾಗಾಗಿ ಸೊಸೆ. ಲೆಕ್ಕದವಳು ಯಾಕೆಂದರೆ, ಕಟ್ಟಿಗೆಯ ಚೂರು ಕುಲುಮೆಯೊಳಗೆ ಹೇಗೆ ಅನಿಲವಾಗುತ್ತದೆ ಎಂಬುದನ್ನು ದಿನವಿಡೀ ಕಂಪ್ಯೂಟರಿನಲ್ಲಿ ಸಮೀಕರಣಗಳಿಂದ ಹಿಡಿಯುವುದು ಅವಳ ಕೆಲಸ. ಅಂಗಳದಲ್ಲಿ ಎರಡಾಳೆತ್ತರದ ಉಕ್ಕಿನ ಕುಲುಮೆ ನಿಂತಿತ್ತು. ಮೇಲಿನಿಂದ ಸುರಿದ ಚೂರು ಅಳತೆಯ ಗಾಳಿಯಲ್ಲಿ ಪೂರ್ತಿ ಉರಿಯದೆ ಬೆಂದು, ಅಡಿಯಿಂದ ಅನಿಲವಾಗಿ ಹೊರಡುತ್ತಿತ್ತು. ಅದರಿಂದ ಎಂಜಿನ್ ಓಡಿ, ಪಕ್ಕದ ಹಾಲಿನ ಶೀತಲ ಕೇಂದ್ರಕ್ಕೆ ಕರೆಂಟು ಹೋಗುತ್ತಿತ್ತು. ಒಳಗೆ ಏನಾಗುತ್ತಿದೆ ಎಂದು ಇಣುಕಿ ನೋಡುವಂತಿರಲಿಲ್ಲ. ಅವಳ ಕಂಪ್ಯೂಟರ್ ಮಾದರಿ ಹೇಳಿದ್ದನ್ನು ನಂಬಬೇಕು, ಇಲ್ಲವೇ ಬಿಡಬೇಕು.

ಹಿಂದಿನ ವಾರ ಆ ಮಾದರಿ ಅವಳ ಮಾನ ಕಳೆದಿತ್ತು. ಒಳಗೆ ಶಾಖ ಮಿತಿಮೀರುತ್ತಿದೆ ಎಂದು ಅವಳು ಎಂಜಿನ್ ನಿಲ್ಲಿಸಲು ಹೇಳಿದ್ದಳು. ಆರಿದ ಮೇಲೆ ತೆರೆದು ನೋಡಿದರೆ ಏನೂ ಆಗಿರಲಿಲ್ಲ. ಚೂರುಗಳ ತೇವವನ್ನು ಅವಳೇ ತಪ್ಪಾಗಿ ಊಹಿಸಿದ್ದಳು. ಅಷ್ಟರಲ್ಲಿ ಹಾಲೆಲ್ಲ ಕೆಟ್ಟುಹೋಗಿತ್ತು. ವ್ಯವಸ್ಥಾಪಕ ಎಲ್ಲರೆದುರು ಮಾವನನ್ನು ತರಾಟೆಗೆ ತೆಗೆದುಕೊಂಡ. ಮಾವ ಮನೆಯಲ್ಲಿ ಆ ವಿಷಯವನ್ನೇ ಎತ್ತಲಿಲ್ಲ. ಅತ್ತೆ ಮಾತ್ರ ಊಟಕ್ಕೆ ಬಡಿಸುತ್ತ, ಇವತ್ತು ಉಪ್ಪಿನ ಲೆಕ್ಕ ನಾನೇ ಹಾಕಿದ್ದೇನೆ, ಧೈರ್ಯವಾಗಿ ತಿನ್ನಿ ಎಂದಿದ್ದರು. ಗಂಡ ನಕ್ಕ.

ಈ ಮಧ್ಯಾಹ್ನ ಪರದೆಯ ಮೇಲಿನ ಎರಡು ಗೆರೆಗಳು ದೂರ ಸರಿಯತೊಡಗಿದವು. ಒಂದು ಮಾದರಿಯದು, ಇನ್ನೊಂದು ಮೀಟರಿನದು. ಉರಿಯುವ ಅನಿಲ ಇಳಿಯುತ್ತಿತ್ತು, ಇಂಗಾಲದ ಡೈಆಕ್ಸೈಡ್ ಏರುತ್ತಿತ್ತು, ಅಡಿಯ ಶಾಖವೂ ಏರುತ್ತಿತ್ತು. ಮಟ್ಟದ ಸೂಚಕ ಮಾತ್ರ ಕುಲುಮೆ ತುಂಬಿದೆ ಎನ್ನುತ್ತಿತ್ತು. ಅವಳು ಮೊದಲು ತನ್ನನ್ನೇ ಅನುಮಾನಿಸಿದಳು. ತೇವ ಬದಲಿಸಿದಳು, ಗಾಳಿ ಬದಲಿಸಿದಳು. ಗೆರೆಗಳು ಕೂಡಲಿಲ್ಲ. ಕೊನೆಗೆ, ಮಾದರಿಯಲ್ಲಿ ಮೇಲಿನಿಂದ ಇಳಿಯುವ ಚೂರನ್ನೇ ನಿಲ್ಲಿಸಿ ನೋಡಿದಳು. ಎರಡೂ ಗೆರೆಗಳು ಹತ್ತಿರ ಬಂದವು. ಅಂದರೆ ಕೆಳಕ್ಕೆ ಏನೂ ಇಳಿಯುತ್ತಿಲ್ಲ. ಚೂರುಗಳು ನಡುವೆ ಒಂದಕ್ಕೊಂದು ಸಿಕ್ಕಿಕೊಂಡು ಕಮಾನಿನಂತೆ ನಿಂತಿವೆ. ಅದರ ಕೆಳಗೆ ಪೊಳ್ಳು, ಪೊಳ್ಳಿನ ಕೆಳಗೆ ಬರೀ ಕೆಂಡ.

ಹೊರಗೆ ಎಂಜಿನ್ನಿನ ಸದ್ದು ಸೊರಗಿತು. ಕಿಟಕಿಯಿಂದ ನೋಡಿದರೆ ಮಾವ ಉದ್ದನೆಯ ಸಲಾಕೆ ಹಿಡಿದು ಏಣಿ ಹತ್ತುತ್ತಿದ್ದರು. ಎಂಜಿನ್ ಸೊರಗಿದಾಗಲೆಲ್ಲ ಮುಚ್ಚಳ ತೆಗೆದು ಚೂರನ್ನು ಕುಕ್ಕುವುದು ಅಲ್ಲಿನ ರೂಢಿ. ಸಣ್ಣ ಅಡಚಣೆಗೆ ಅದು ಸಾಕಾಗುತ್ತಿತ್ತು. ಆದರೆ ಇಷ್ಟು ದೊಡ್ಡ ಪೊಳ್ಳಿರುವಾಗ ಕಮಾನು ಕುಸಿದರೆ, ಬೆಂಕಿ ನುಗ್ಗುವುದು ತೆರೆದ ಬಾಯಿಯಿಂದ, ಕುಕ್ಕುವವನ ಮುಖಕ್ಕೆ.

ಅವಳು ಓಡಿದಳು. ಬಾಗಿಲಲ್ಲಿ ವ್ಯವಸ್ಥಾಪಕ ಅಡ್ಡ ನಿಂತು, ಇನ್ನೊಂದು ಸಲ ಎಂಜಿನ್ ನಿಂತರೆ ಮಾವ ಸೊಸೆ ಇಬ್ಬರೂ ಮನೆಯಲ್ಲೇ ಕೂತು ಲೆಕ್ಕ ಮಾಡಬಹುದು ಎಂದ. ಅವಳು ಅವನ ಪಕ್ಕದಲ್ಲೇ ನುಸುಳಿ ಹೋದಳು. ಏಣಿಯ ಬುಡದಿಂದ ಕೂಗಿದ್ದು ಮಾವನಿಗೆ ಕೇಳಿಸಲಿಲ್ಲ. ಹತ್ತಿಯೇ ಬಿಟ್ಟಳು. ಮೇಲೆ ಮಾವ ಮುಚ್ಚಳದ ಕೊನೆಯ ಬೋಲ್ಟಿಗೆ ಪಾನಾ ಹಾಕಿದ್ದರು.

"ಮಾವ, ತೆಗೀಬೇಡಿ. ಒಳಗೆ ಪೊಳ್ಳಾಗಿದೆ."

"ನೋಡಿದೀಯಾ?"

"ಇಲ್ಲ. ಲೆಕ್ಕ ಹಾಕಿದೀನಿ."

"ಹೋದ ವಾರಾನೂ ಲೆಕ್ಕಾನೇ ಹಾಕಿದ್ದೆ."

"ಹೌದು, ತಪ್ಪಾಗಿತ್ತು. ಇವತ್ತೂ ತಪ್ಪಿರಬಹುದು. ತಪ್ಪಾದ್ರೆ ಹಾಲು ಹೋಗುತ್ತೆ. ಸರಿಯಿದ್ರೆ..."

ಮಾವ ಪಾನಾ ನೋಡಿದರು, ಅವಳನ್ನು ನೋಡಿದರು, ಕೆಳಗೆ ಕೈ ಬೀಸುತ್ತಿದ್ದ ವ್ಯವಸ್ಥಾಪಕನನ್ನು ನೋಡಿದರು. ಆಮೇಲೆ ಸಡಿಲಿಸಿದ್ದ ಬೋಲ್ಟುಗಳನ್ನು ಒಂದೊಂದಾಗಿ ಮತ್ತೆ ಬಿಗಿದರು.

"ಇಳಿ ಮೊದಲು," ಎಂದರು.

ಕೆಳಗೆ ಬಂದವರೇ ಗಾಳಿಯಂತ್ರ ನಿಲ್ಲಿಸಲು ಸನ್ನೆ ಮಾಡಿದರು. ಎಂಜಿನ್ ಕೆಮ್ಮಿ ಸುಮ್ಮನಾಯಿತು. ಶೀತಲ ಕೇಂದ್ರದಿಂದ ಫೋನಿನ ಮೇಲೆ ಫೋನು ಬಂತು. ಕುಲುಮೆ ಮಾತ್ರ ಏನೂ ಆಗದಂತೆ ನಿಂತಿತ್ತು. ಎಂಜಿನ್ ಮೆಕ್ಯಾನಿಕ್ ಅವಳತ್ತ ನೋಡದೆ ಕೈ ಒರೆಸಿಕೊಳ್ಳುತ್ತಿದ್ದ. ಮತ್ತೆ ತಪ್ಪಿದೆನೇ ಎಂದು ಅವಳು ಕುಲುಮೆಯನ್ನೇ ನೋಡುತ್ತ ನಿಂತಳು. ವ್ಯವಸ್ಥಾಪಕ ತಾಳ್ಮೆಗೆಟ್ಟು, ನೀನೇ ಹತ್ತಿ ಮುಚ್ಚಳ ತೆಗಿ ಎಂದು ಮೆಕ್ಯಾನಿಕ್‌ಗೆ ಹೇಳಿದ. ಮಾವ ಏಣಿಗೆ ಬೆನ್ನು ಕೊಟ್ಟು ನಿಂತರು.

"ನನ್ನ ಪಾಳಿ ಮುಗಿಯೋ ತನಕ ಯಾರೂ ಹತ್ತಲ್ಲ."

ಮೂಟೆ ಬಿದ್ದಂಥ ಸದ್ದು ಒಳಗಿನಿಂದ ಬಂತು. ಕಾಲಡಿಯ ಸಿಮೆಂಟು ನಡುಗಿತು. ಮುಚ್ಚಳದ ಪಕ್ಕದ, ಒತ್ತಡ ಹೊರಬಿಡುವ ಬಾಯಿ ತಾನಾಗಿ ತೆರೆದುಕೊಂಡು ಬೆಂಕಿ ಬುಸ್ಸೆಂದು ಮೇಲೆದ್ದಿತು. ಮೇಲೆ ಮಾವ ಸಲಾಕೆ ಒರಗಿಸಿಟ್ಟಿದ್ದ ಕಬ್ಬಿಣದ ಕಟಾಂಜನದ ಬಣ್ಣ ಗುಳ್ಳೆಯೆದ್ದು ಸುಲಿಯಿತು. ಮಾವ ಅವಳ ತೋಳು ಹಿಡಿದು ಹಿಂದಕ್ಕೆಳೆದರು. ಬೆಂಕಿ ಇಳಿಯಿತು. ವ್ಯವಸ್ಥಾಪಕನ ಕೈಯಲ್ಲಿ ಫೋನು ಹೊಡೆದುಕೊಳ್ಳುತ್ತಲೇ ಇತ್ತು. ಅವನು ಅದನ್ನು ಎತ್ತಲಿಲ್ಲ.

ಹಾಲು ಆ ದಿನವೂ ಕೆಟ್ಟಿತು. ಕೆಂಡ ಪೂರ್ತಿ ಆರುವ ತನಕ ಯಾರೂ ಮುಚ್ಚಳ ಮುಟ್ಟಕೂಡದು ಎಂದು ಸಂಜೆ ವ್ಯವಸ್ಥಾಪಕನೇ ಬಂದು ತಗ್ಗಿದ ದನಿಯಲ್ಲಿ ಹೇಳಿಹೋದ. ಅವಳು ಮಾವನಿಗೆ ಒಂದು ಲೋಟ ನೀರು ತಂದುಕೊಟ್ಟಳು.

"ಎಷ್ಟು ಖಾತ್ರಿ ಇತ್ತು ನಿನಗೆ?" ಎಂದು ಕೇಳಿದರು.

"ಅರ್ಧ."

"ಏಣಿ ಮೇಲೇನೇ ಅರ್ಧ ಅಂದಿದ್ರೆ ತೆಗೆದುಬಿಡ್ತಿದ್ದೆ," ಎಂದು ನಗಲು ನೋಡಿದರು. ನಗು ಬರಲಿಲ್ಲ.

ದಾರಿಯುದ್ದಕ್ಕೂ, ಇದು ಅತ್ತೆಯ ಕಿವಿಗೆ ಬೀಳಕೂಡದು ಎಂದು ಅವಳಿಂದ ಮಾತು ತೆಗೆದುಕೊಂಡ ಮಾವ, ಮನೆ ತಲುಪಿ ಚಪ್ಪಲಿ ಬಿಡುವ ಮೊದಲೇ ಹೆಂಡತಿಗೆ ಎಲ್ಲವನ್ನೂ ತಾವೇ ಹೇಳಿಬಿಟ್ಟರು. ಅತ್ತೆ ಪೂರ್ತಿ ಕೇಳಿ, ಸೊಸೆಯನ್ನು ಹತ್ತಿರ ಕರೆದು ಕೂರಿಸಿಕೊಂಡರು.