ಕಟ್ಟೆ ಮೇಲಿನ ಹೊರೆ

"ಕುಲುಕಬೇಡ್ವೇ ಮುಂಡೇದೆ! ನಾನೇನು ಆಲೂಗಡ್ಡೆ ಚೀಲ ಅಂದ್ಕೊಂಡಿದ್ದೀಯಾ?"

"ಆಲೂಗಡ್ಡೆಗೆ ಇಷ್ಟು ಬಾಯಿ ಇರಲ್ಲ ಧಣಿ," ಎಂದಳು ಹೆಬ್ಬಂಡೆ.

ಧಣಿ ಅವಳ ಬೆನ್ನ ಮೇಲಿದ್ದ. ಕುರ್ಚಿಗೆ ಹಗ್ಗ ಬಿಗಿದು, ಹೊರೆಪಟ್ಟಿಯನ್ನು ಹಣೆಗೆ ಕೊಟ್ಟು ಅವಳು ಬೆಟ್ಟ ಇಳಿಯುತ್ತಿದ್ದಳು. ಅವನು ಅವಳ ಬೆನ್ನಿಗೆ ಬೆನ್ನು ಕೊಟ್ಟು, ಬಿಟ್ಟುಬಂದ ದಾರಿಯನ್ನೇ ನೋಡುತ್ತ ಕೂತಿದ್ದ. ಅವಳ ಬೆವರು ತನಗೆ ತಾಗಬಾರದೆಂದು ನಡುವೆ ಒಂದು ರಬ್ಬರ್ ಹಾಳೆ ಇಡಿಸಿದ್ದ. ಬೆಳಗ್ಗೆ ಭೂಮಿ ನಡುಗಿ ಅರ್ಧ ಬೆಟ್ಟ ಕಣಿವೆಗಿಳಿದಿತ್ತು. ಆ ಗಾಬರಿಯಲ್ಲೂ ಧಣಿ ರಬ್ಬರ್ ಹಾಳೆ ಮರೆತಿರಲಿಲ್ಲ.

ಕಲ್ಲುಗಣಿಯ ಕೇರಿಯಲ್ಲಿ ಮನೆಗಳಿಗೆಲ್ಲ ಚಪ್ಪಡಿ ಕಲ್ಲಿನ ಸೂರು. ಗಣಿಯಲ್ಲಿ ಒಡೆದು ಕೆಟ್ಟ ಚಪ್ಪಡಿಗಳು. ಕೊಳ್ಳುವವರಿಲ್ಲದ್ದರಿಂದ ಧಣಿ ಅವನ್ನು ಕೂಲಿಯವರಿಗೆ ದಾನ ಮಾಡಿದ್ದ. ಗಣಿಗೆ ಹೋಗಿದ್ದವರು ಬಯಲಲ್ಲಿದ್ದು ಬದುಕಿಕೊಂಡರು. ಮನೆಯಲ್ಲಿದ್ದ ಮುದುಕರು, ಮಕ್ಕಳು ಆ ದಾನದ ಅಡಿಗೆ ಬಿದ್ದರು. ಕೈಗೆ ಸಿಕ್ಕ ಹೆಣಗಳನ್ನು ತೆಗೆದು, ಗೋಣಿ ಹೊದಿಸಿ, ದಾರಿಯುದ್ದಕ್ಕೂ ಮಲಗಿಸಿದ್ದರು.

ಹೆಬ್ಬಂಡೆಯ ಅತ್ತೆಯೂ ಚಪ್ಪಡಿಯ ಅಡಿಯಲ್ಲೇ ಇದ್ದಳು. ಸತ್ತಿರಲಿಲ್ಲ. ಸತ್ತವರು ಹಾಗೆ ಬೈಯುವುದಿಲ್ಲ.

"ಏಯ್ ಸೋಂಬೇರಿ! ಮನೆ ಬಿದ್ದರೂ ಗಣಿ ಬಿಟ್ಟು ಬರಲ್ವೇನೇ? ನನ್ನ ಮಗ ಎಂಥಾ ದರಿದ್ರದವಳನ್ನ ಕಟ್ಟಿಕೊಂಡ!"

"ಬಂದೆ ಅತ್ತೆ! ಅಲ್ಲೇ ಇರು, ಎಲ್ಲೂ ಹೋಗಬೇಡ!" ಎನ್ನುತ್ತ ಹೆಬ್ಬಂಡೆ ಗಣಿಯಿಂದ ಓಡಿಬಂದಿದ್ದಳು.

"ಎಲ್ಲಿಗೆ ಹೋಗ್ಲೇ? ನಿನ್ನ ತವರಿಗಾ?"

ಪಕ್ಕದ ಮನೆಯ ಅಡಿಯಲ್ಲಿ ಬಾಣಂತಿಯೊಬ್ಬಳಿದ್ದಳು, ಕೂಸಿನ ಜೊತೆ. ಅವಳಿಗೆ ಕೂಗುವ ಶಕ್ತಿಯಿರಲಿಲ್ಲ. ಕೈಗೆ ಸಿಕ್ಕ ಪಾತ್ರೆಯನ್ನು ಟಣ್ ಟಣ್ ಎಂದು ಬಡಿಯುತ್ತಿದ್ದಳು. ಕೇರಿಯವರೆಲ್ಲ ಸೇರಿ ಬರಿಗೈಯಲ್ಲಿ ಎತ್ತಿ ನೋಡಿದರು. ಉಗುರು ಕಿತ್ತು ಬಂತೇ ಹೊರತು ಚಪ್ಪಡಿ ಅಲುಗಲಿಲ್ಲ. ಹಾರೆ ಬೇಕಿತ್ತು. ಹಾರೆಗಳೆಲ್ಲ ಗಣಿಯ ಉಗ್ರಾಣದಲ್ಲಿದ್ದವು. ಬಂಡೆ ಕೊರೆದು ಮಾಡಿದ ಉಗ್ರಾಣ, ಕಬ್ಬಿಣದ ಬಾಗಿಲು, ಕೀಲಿ ಧಣಿಯ ಬೆಲ್ಟಿನಲ್ಲಿ. ಹೆಬ್ಬಂಡೆ ಓಡಿಹೋಗಿ ಕೇಳಿದಾಗ ಧಣಿ ಊದಿದ ಕಾಲು ಚಾಚಿ ಅಂಗಳದಲ್ಲಿ ಕೂತಿದ್ದ.

"ಹಾರೆ ಕೈಗೆ ಸಿಕ್ಕಿದ್ರೆ ನೀವು ನನ್ನ ಕಡೆ ತಿರುಗಿ ನೋಡ್ತೀರೇನೇ? ಕೆಳಗೆ ಬಯಲಿಗೆ ಹೆಲಿಕಾಪ್ಟರ್ ಬರುತ್ತೆ. ಮೊದ್ಲು ನನ್ನ ಅಲ್ಲಿಗೆ ತಲುಪಿಸು. ಆಮೇಲೆ ಕೀಲಿ."

"ಹೋಗಿ ಬರೋಷ್ಟ್ರಲ್ಲಿ ಸಂಜೆ ಆಗುತ್ತೆ ಧಣಿ. ಒಳಗಿರೋರು..."

"ಒಳಗಿರೋರು ಎಲ್ಲಿಗೆ ಓಡಿಹೋಗ್ತಾರೆ?"

ಅದನ್ನೇ ಅವಳೂ ಅತ್ತೆಗೆ ತಮಾಷೆಗೆ ಅಂದಿದ್ದಳು. ಧಣಿಯ ಬಾಯಲ್ಲಿ ಅದು ತಮಾಷೆಯಾಗಿರಲಿಲ್ಲ. ವರ್ಷಗಳಿಂದ ಅವನನ್ನು ಹೊರುತ್ತಿದ್ದ ಕುರ್ಚಿಯನ್ನು ಅವಳು ಹೋಗಿ ತಂದಳು.

"ಗಟ್ಟಿಯಾಗಿ ಕಟ್ಟೇ," ಎಂದ ಧಣಿ. "ನಿನ್ನ ಗಂಡ ನನ್ನ ಗಾಜಿನ ಬೀರು ಬೀಳಿಸಿದ ಹಾಗೆ ನನ್ನೂ ಬೀಳಿಸಿಬಿಟ್ಟೀಯ."

ಬೀರುವಿನ ಜೊತೆ ಅದನ್ನು ಹೊತ್ತಿದ್ದ ಗಂಡನೂ ಕಣಿವೆಗೆ ಬಿದ್ದು ಸತ್ತಿದ್ದ. ಧಣಿ ವಾರವಿಡೀ ಗೋಳಾಡಿದ್ದ, ಬೀರುವಿಗಾಗಿ. ಹೆಬ್ಬಂಡೆ ಗಟ್ಟಿಯಾಗಿಯೇ ಕಟ್ಟಿದಳು. ಎದೆಗೊಂದು ಸುತ್ತು, ತೋಳಿಗೊಂದು ಸುತ್ತು, ಮೊಣಕಾಲಿಗೊಂದು. ಗಂಟು ಹಾಕಿದ್ದು ಹೊರುವವರೆಲ್ಲ ಹಾಕುವ ಜಾಗದಲ್ಲಿ, ಕುರ್ಚಿಯ ಅಡಿಯಲ್ಲಿ, ಕೂತವರ ಕೈಗೆ ಎಟುಕದ ಕಡೆ.

ಈಗ ಅರ್ಧ ದಾರಿಯ ಹೊರೆಕಟ್ಟೆ ಕಾಣಿಸಿತು. ಹೊರುವವರು ಭಾರ ಇಳಿಸಿ ಬೆನ್ನು ನೆಟ್ಟಗೆ ಮಾಡಿಕೊಳ್ಳುವ, ಸೊಂಟದೆತ್ತರದ ಕಲ್ಲುಕಟ್ಟೆ. ದಾರಿ ಸುತ್ತಿ ಬಂದರೂ ಅದು ಕೇರಿಯ ನೇರ ಕೆಳಗೇ, ಕೂಗಿದರೆ ಕೇಳುವಷ್ಟು ಹತ್ತಿರ. ಅಲ್ಲಿಗೆ ಒಂದೇ ಕಾನೂನು: ಕಟ್ಟೆಯ ಮೇಲಿಟ್ಟ ಹೊರೆಯನ್ನು ತಂದವರು ಬಿಟ್ಟು ಬೇರೆ ಯಾರೂ ಮುಟ್ಟಕೂಡದು. ಭಾರ ಹೆಚ್ಚಾದವರು ಅರ್ಧ ಅಲ್ಲೇ ಬಿಟ್ಟು, ಬೇಕಾದ್ದನ್ನಷ್ಟೇ ಒಯ್ದು, ಆಮೇಲೆ ಬರಬಹುದು. ತನ್ನ ಚೀಲಗಳು ಕಳುವಾಗದಿರಲೆಂದು ಈ ಕಾನೂನು ಮಾಡಿದ್ದು ಧಣಿಯ ಅಪ್ಪ. ಮುಟ್ಟಿದವರ ಕೈಗೆ ಬರೆ ಹಾಕಿಸುತ್ತಿದ್ದ.

"ಯಾಕೆ ನಿಂತೆ? ನಡಿ, ನಡಿ!"

"ಉಸಿರು ತಗೋತೀನಿ ಧಣಿ. ನೀವು ಬೆಟ್ಟದಲ್ಲಿ ಕಲ್ಲೊಂದನ್ನ ಬಿಟ್ಟು ಉಳಿದದ್ದೆಲ್ಲಾ ತಿಂದಿದ್ದೀರಿ, ತೂಕ ಇರಲ್ವಾ?"

ಅವಳು ಹೊರೆಯನ್ನು ಕಟ್ಟೆಯ ಮೇಲೆ ಇಳಿಸುತ್ತಿದ್ದಂತೆ ಮೇಲಿನಿಂದ ಮೈದುನನ ಕೂಗು ಬಂತು.

"ಅತ್ತಿಗೇ! ಪಕ್ಕದ ಮನೇಲಿ ಪಾತ್ರೆ ಬಡಿಯೋದು ನಿಂತೋಯ್ತು!"

"ಅತ್ತೆ?"

"ಅವ್ವ ಬೈತಾ ಇದ್ದಾಳೆ!"

ಹೆಬ್ಬಂಡೆ ಹಣೆಯ ಪಟ್ಟಿ ತೆಗೆದಳು. ಕುರ್ಚಿಯ ಮುಂದೆ ಬಂದು ನಿಂತಳು. ಅಷ್ಟು ವರ್ಷ ಹೊತ್ತರೂ ಧಣಿಯ ಮುಖವನ್ನು ಅವಳು ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ಮೂಗಿನ ತುದಿಯಲ್ಲಿ ಬೆವರಿತ್ತು. ಅವನಿಗೂ ಬರುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ.

"ಏನೇ? ಏನೇ ಮಾಡ್ತಿದ್ದೀಯ? ಬೆಲ್ಟಿಗೆ ಕೈ ಹಾಕ್ತೀಯೇನೇ ಬೋಳಿ?"

"ನಾಚ್ಕೋಬೇಡಿ ಧಣಿ. ಹೊರೆ ಭಾರ ಆಯ್ತು. ಬೇಕಾದ್ದು ಒಯ್ತೀನಿ, ಉಳಿದದ್ದು ಆಮೇಲೆ."

ಕೀಲಿ ಕೈಗೆ ಬಂತು. ಬಯಲಿನ ಕಡೆಯಿಂದ ಬರುತ್ತಿದ್ದ ಮುದಿ ಹೊರೆಯಾಳು ಏದುಸಿರು ಬಿಡುತ್ತ ಕಟ್ಟೆಯ ಬಳಿ ನಿಂತ. ಧಣಿ ಅವನನ್ನು ಕಂಡು ಕಿರುಚಿದ. "ಬಿಚ್ಚೋ ಮುದುಕಾ! ಬಿಚ್ಚೋ ನನ್ನ! ನಿನಗೇನು ಬೇಕೋ ಕೇಳು!"

ಮುದುಕ ಕುರ್ಚಿಯನ್ನೂ, ಹಗ್ಗವನ್ನೂ, ಆಮೇಲೆ ಹೆಬ್ಬಂಡೆಯನ್ನೂ ನೋಡಿದ.

"ಯಾರದ್ದಮ್ಮ ಹೊರೆ?"

"ನಂದು ಮಾವ."

"ಹಂಗಾದ್ರೆ ನಾನು ಮುಟ್ಟೋ ಹಾಗಿಲ್ಲ." ಅವನು ಅಂಗೈ ತೆರೆದು ಧಣಿಯ ಮುಖದ ಮುಂದೆ ಹಿಡಿದ. ಅಡ್ಡಕ್ಕೆ ಒಂದು ಹಳೆಯ ಸುಟ್ಟ ಗಾಯ. "ಹುಡುಗ ಇದ್ದಾಗ ಒಂದ್ಸಲ ಮುಟ್ಟಿದ್ದೆ ಧಣಿ. ನಿಮ್ಮಪ್ಪ ಚೆನ್ನಾಗೇ ಕಲಿಸಿದ್ರು. ಇನ್ನೂ ಮರೆತಿಲ್ಲ."

ಇಬ್ಬರೂ ಮೇಲಕ್ಕೆ ಹತ್ತಿದರು. ಬೈಗುಳ ಹಿಂದಿನಿಂದ ಹತ್ತಿ ಬಂತು: ಅವಳ ಅಪ್ಪ, ಅಮ್ಮ, ಹುಟ್ಟು, ಹೆಣ, ಯಾವುದನ್ನೂ ಧಣಿ ಬಿಡಲಿಲ್ಲ.

ಉಗ್ರಾಣದ ಬಾಗಿಲು ತೆರೆಯಿತು. ಹಾರೆಗಳು ಬೇಕಾದಷ್ಟಿದ್ದವು, ಎತ್ತುವ ಕೈಗಳೇ ಕಡಿಮೆ. ಒಂದು ಚಪ್ಪಡಿಗೆ ಉಳಿದವರೆಲ್ಲ ಬೇಕು. ಎರಡು ಮನೆಗಳ ನಡುವೆ ಹೆಬ್ಬಂಡೆ ಹಾರೆ ಹಿಡಿದು ನಿಂತಳು. "ಯಾವುದು ಮೊದ್ಲು ಅತ್ತಿಗೆ?" ಎಂದ ಮೈದುನ.

"ಬಂದ್ಯೇನೇ ಹೆಣವೇ?" ಕಲ್ಲಿನ ಅಡಿಯಿಂದ ಅತ್ತೆ.

"ಬಂದೆ ಅತ್ತೆ. ಹಾರೆ ತಂದೆ. ಪಕ್ಕದ ಮನೇಲಿ ಸದ್ದಿಲ್ಲ."

ಅತ್ತೆಯ ಬೈಗುಳವೂ ನಿಂತಿತು. ಮೈದುನ ಹೆದರಿ ಕಲ್ಲಿಗೆ ಬಾಯಿ ಹಚ್ಚಿ, "ಅವ್ವಾ!" ಎಂದ.

"ಬಡ್ಕೋಬೇಡ್ವೋ, ಇದ್ದೀನಿ. ಅವಳಿಗೆ ಮೊದ್ಲು ಅಲ್ಲಿಗೇ ಹೋಗಿ ಸಾಯೋಕೆ ಹೇಳು. ನಂಗಿನ್ನೂ ಬೈಯೋದು ಬಾಕಿ ಇದೆ."

"ನಿಲ್ಲಿಸಬೇಡ ಅತ್ತೆ. ಬೈತಾನೇ ಇರು."

ಪಕ್ಕದ ಮನೆಯ ಚಪ್ಪಡಿಗೆ ಹಾರೆಗಳು ಬಿದ್ದವು. ಹೆಗಲು ಕೊಟ್ಟರು, ಐಸಾ ಎಂದರು, ಕಲ್ಲು ಒಂದು ಗೇಣು ಎದ್ದಿತು. ಅಡಿಯಲ್ಲಿ ಕತ್ತಲು. ಹೆಬ್ಬಂಡೆ ನೆಲಕ್ಕೆ ಕಿವಿ ಹಚ್ಚಿದಳು. ಪಕ್ಕದಲ್ಲಿ ಅತ್ತೆ ಬೈಯುತ್ತಿದ್ದಳು, ಕೆಳಗೆ ಕಟ್ಟೆಯಿಂದ ಧಣಿ ಬೈಯುತ್ತಿದ್ದ. ಏನೂ ಕೇಳಿಸುತ್ತಿರಲಿಲ್ಲ.

"ಇಬ್ರೂ ಒಂಚೂರು ಬಾಯಿ ಮುಚ್ರೀ!"

ಬೆಟ್ಟ ಇನ್ನೊಮ್ಮೆ ನಡುಗಿತೇನೋ ಎಂಬಂತೆ ಅವಳು ಕೂಗಿದಳು. ಅತ್ತೆ ಬಾಯಿ ಮುಚ್ಚಿದಳು. ಕೆಳಗೆ, ಹುಟ್ಟಿದಾಗಿನಿಂದ ಮೊದಲ ಸಲ, ಧಣಿಯೂ ಮುಚ್ಚಿದ.

ಹಾರೆ ಹಿಡಿದವರು ಎದ್ದ ಕಲ್ಲನ್ನು ಹಾಗೇ ಎತ್ತಿ ಹಿಡಿದಿದ್ದರು. ಹೆಬ್ಬಂಡೆ ಕತ್ತಲಿಗೆ ಕಿವಿಯಿಟ್ಟು, ಒಂದು ಪಾತ್ರೆಯ ಸದ್ದಿಗಾಗಿ ಕಾಯುತ್ತ ಮಲಗಿದಳು.