ಉಳಿದ ಕಂಬಳಿ

ಕ್ರಿಸ್ಮಸ್ಸಿಗೆ ಮುನ್ನ ಭದ್ರಾವತಿಯ ವೃದ್ಧಾಶ್ರಮದಲ್ಲಿ ಕಂಬಳಿ ಹಂಚುವುದು ಶಿವಮೊಗ್ಗದ ನಮ್ಮ ಚರ್ಚ್ ಸಭೆಯ ಅನ್ಯೋನ್ಯ ಕೂಟದ ಪದ್ಧತಿ. ಹತ್ತೊಂಬತ್ತು ವರ್ಷ ನಾನೇ ಹಂಚಿದ್ದೆ. ಈ ವರ್ಷ ಸಭಾಪಾಲಕರು ಆ ಕೆಲಸವನ್ನು ಕಿರಿಯನಾದ ಜೀವರತ್ನನಿಗೆ ಒಪ್ಪಿಸಿದರು. ಪಟ್ಟಿ ಮಾತ್ರ ನನ್ನದು, ಹೋದ ವರ್ಷದ್ದೇ. ಅವನು ತಪ್ಪು ಮಾಡಲಿ ಎಂದು ಬಯಸುತ್ತಲೇ ಜೊತೆಗೆ ಹೋದೆ. ಅಜ್ಜಿಯರು ಅವನ ಕೆನ್ನೆ ಸವರಿದರು. ನನ್ನ ಕೆನ್ನೆಯನ್ನು ಯಾರೂ ಎಂದೂ ಸವರಿರಲಿಲ್ಲ.

ಕೊನೆಗೆ ಒಂದು ಕಂಬಳಿ ಉಳಿಯಿತು.

“ಹೆಸರು ನಲವತ್ತು, ಕೊಟ್ಟಿದ್ದು ಮೂವತ್ತೊಂಬತ್ತು. ಯಾರನ್ನು ಮರೆತೆಯಪ್ಪಾ?” ಎಂದು ಎಲ್ಲರಿಗೂ ಕೇಳಿಸುವಂತೆ ಕೇಳಿದೆ.

“ಮರೆತಿಲ್ಲ ಮೇಷ್ಟ್ರೇ,” ಎಂದು ಅವನು ದನಿ ತಗ್ಗಿಸಿದ. “ಸುಗಂಧಮ್ಮ ತೀರಿಕೊಂಡು ಎರಡು ವರ್ಷ ಆಯ್ತು. ಹೋದ ಸಲ ನೀವು ಅವರ ಕಂಬಳೀನ ಖಾಲಿ ಮಂಚದ ಮೇಲೆ ಇಟ್ಟು ಹೋದ್ರಂತೆ.”

ಪಟ್ಟಿ ನೋಡಿದೆ. ಆ ಹೆಸರಿನ ಮುಂದೆ ಹೋದ ವರ್ಷದ ನನ್ನದೇ ಸರಿ ಗುರುತು ಇತ್ತು.