ದುಪ್ಪಟಿ ತೆಗೆದ ವರ್ಷ

ಕಲ್ಯಾಣದ ಕನ್ನಡ ಸಭೆಗೆ ಸ್ವಂತ ಚರ್ಚು ಇರಲಿಲ್ಲ. ಮರಾಠಿ ಸಭೆಯವರು ಬೆಳಗಿನ ಆರಾಧನೆ ಮುಗಿಸಿ ಬೀಗದ ಕೈ ಕೊಟ್ಟ ಮೇಲೆ, ಮಧ್ಯಾಹ್ನ ಮೂರಕ್ಕೆ ಕನ್ನಡದವರ ಪಾಳಿ. ಬರುವವರು ಹೆಚ್ಚಾಗಿ ಗುಲ್ಬರ್ಗಾ, ರಾಯಚೂರು ಕಡೆಯವರು. ಗೋದಾಮಿನಲ್ಲಿ ಚೀಲ ಹೊರುವವರು, ಡೊಂಬಿವಲಿಯ ಕಾರ್ಖಾನೆಗಳಲ್ಲಿ ದುಡಿಯುವವರು, ಕಟ್ಟಡದ ಕೆಲಸದವರು. ಅವರ ನಡುವೆ ರೈಲ್ವೆಯಲ್ಲಿ ಪರ್ಮನೆಂಟ್ ನೌಕರಿ ಇದ್ದವನು ಲೋಕೋ ಶೆಡ್ಡಿನ ಫಿಟ್ಟರ್ ಮಾಪಣ್ಣ ಒಬ್ಬನೇ. ಅವನ ಹೆಂಡತಿ ಚಂದ್ರಬಾಯಿ ಇದನ್ನು ಎಂದೂ ಮರೆತವಳಲ್ಲ, ಬೇರೆಯವರಿಗೆ ಮರೆಯಲು ಬಿಟ್ಟವಳೂ ಅಲ್ಲ.

ಆ ಸಭೆಯಲ್ಲಿ ಹಿಡಿಕಾಳಿನ ಪದ್ಧತಿ ಇತ್ತು. ಹೆಂಗಸರು ಒಲೆ ಹಚ್ಚುವ ಮುಂಚೆ ಅಂದಿನ ಅಕ್ಕಿಯಲ್ಲೋ ಜೋಳದಲ್ಲೋ ಒಂದು ಹಿಡಿ ತೆಗೆದು ಬೇರೆ ಡಬ್ಬಿಗೆ ಹಾಕಬೇಕು. ಅದು ದೇವರ ಪಾಲು. ತಿಂಗಳ ಮೊದಲ ಭಾನುವಾರ ಅದನ್ನು ಕೈಚೀಲದಲ್ಲಿ ತಂದು, ಪ್ರಸಂಗಪೀಠದ ಕೆಳಗಿಟ್ಟ ತಗಡಿನ ಪೀಪಾಯಿಗೆ ಸುರಿಯಬೇಕು. ಪೀಪಾಯಿಯ ಬಾಯಿಗೆ ದಪ್ಪನೆಯ ನೀಲಿ ದುಪ್ಪಟಿ ಹೊದಿಸಿರುತ್ತಿತ್ತು. ಹೆಂಗಸರು ಒಬ್ಬೊಬ್ಬರಾಗಿ ಎದ್ದು ಹೋಗಿ, ಸೆರಗಿನ ಮರೆಯಲ್ಲಿದ್ದ ಚೀಲವನ್ನು ದುಪ್ಪಟಿಯ ಕೆಳಗೆ ತೂರಿಸಿ, ಮೊಳಕೈವರೆಗೂ ಕೈ ಒಳಗಿಟ್ಟು, ಮತ್ತೆ ಚೀಲವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದು ಕೂರುತ್ತಿದ್ದರು. ಯಾರ ಮನೆಯವರೂ ಏಳದೆ ಕೂತಿರುವ ಹಾಗಿರಲಿಲ್ಲ. ಕೊನೆಗೆ ಪೀಪಾಯಿಯಲ್ಲಿದ್ದಷ್ಟು ಪಾದ್ರಿಯವರ ಮನೆಗೆ ಹೋಗುತ್ತಿತ್ತು. ಪಗಾರ ಕಡಿಮೆ, ಕಾಳಾದರೂ ಇರಲಿ ಎಂದು.

ಎಪ್ಪತ್ನಾಲ್ಕರ ಜನವರಿಯಲ್ಲಿ ಚಂದ್ರಬಾಯಿ ಸ್ತ್ರೀ ಸಮಾಜದ ಅಧ್ಯಕ್ಷೆಯಾದಳು. ಅಧ್ಯಕ್ಷೆಯಾದವಳು ಸುಮ್ಮನೆ ಕೂರುವುದುಂಟೇ? ಮೊದಲ ಭಾನುವಾರವೇ ದುಪ್ಪಟಿ ಸರಿಸಿ ಪೀಪಾಯಿಯೊಳಗೆ ಇಣುಕಿದಳು. ಮೂವತ್ತೆರಡು ಮನೆ, ಮನೆಗೊಂದು ಚೀಲ, ಪೀಪಾಯಿ ಮಾತ್ರ ಅರ್ಧವೂ ಇಲ್ಲ. ತನ್ನ ಮನೆಯದೇ ಎರಡೂವರೆ ಕಿಲೋ ಇತ್ತೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹಾಗಾದರೆ ಉಳಿದದ್ದು ಎಲ್ಲಿ ಹೋಯಿತು? ತಲೆಯಲ್ಲಿ ಹುಳ ಹೊಕ್ಕಿತು. ಯಾರೋ ದೇವರ ಕಾಳಿಗೇ ಕೈ ಹಾಕುತ್ತಿದ್ದಾರೆ ಎಂದು ತೀರ್ಮಾನಿಸಿದಳು.

ಪಾದ್ರಿ ವಸಂತಕುಮಾರ ಬೀದರಿನಿಂದ ಆಗಷ್ಟೇ ಬಂದಿದ್ದ ಹುಡುಗು ವಯಸ್ಸಿನವರು. ಈ ದುಪ್ಪಟಿ ಯಾಕೆಂದು ಅವರಿಗೂ ತಿಳಿಯದು. "ದೇವರಿಗಿ ಕೊಡಾದು ಮುಚ್ಚುಮರಿ ಯಾಕ್ರಿ ಅಯ್ನೋರ? ಎಲ್ಲಾರ ಮುಂದ ತೂಕ ಮಾಡಿ, ಹೆಸರು ಓದೋಣ. ಒಬ್ಬರನ್ನ ನೋಡಿ ಇನ್ನೊಬ್ಬರು ಕೊಡತಾರ" ಎಂದು ಚಂದ್ರಬಾಯಿ ಹೇಳಿದಾಗ ಅವರು ಒಪ್ಪಿಕೊಂಡರು.

ಒಪ್ಪದವಳು ಒಬ್ಬಳೇ. ಸಭೆ ಶುರುವಾದಾಗಿನಿಂದ ಇದ್ದ ಮರಗಮ್ಮ, ಹಲ್ಲಿಲ್ಲದ ಮುದುಕಿ.

"ಅದನ್ನ ತಗೀಬ್ಯಾಡ ಯವ್ವಾ."

"ಯಾಕ ಆಯಿ?"

"ಯಾಕಂತ ಕೇಳಬ್ಯಾಡ. ತಗೀಬ್ಯಾಡ, ಅಷ್ಟ."

ಕಾರಣ ಹೇಳದ ಮಾತಿಗೆ ಬೆಲೆ ಯಾರು ಕೊಡುತ್ತಾರೆ? ಮುದುಕಿಗೆ ಅರಳು ಮರಳು ಎಂದು ಚಂದ್ರಬಾಯಿ ನಕ್ಕಳು. ಮರಗಮ್ಮ ಅದೇ ತಿಂಗಳು ಮಗಳ ಮನೆಗೆಂದು ಶಹಾಬಾದಿಗೆ ಹೋದಳು, ಮತ್ತೆ ಬರಲಿಲ್ಲ.

ಫೆಬ್ರವರಿಯ ಮೊದಲ ಭಾನುವಾರ ದುಪ್ಪಟಿ ಹೋಯಿತು, ತಕ್ಕಡಿ ಬಂತು. ಮುನಸಿಪಾಲ್ಟಿ ಶಾಲೆಯಲ್ಲಿ ಟೀಚರಾಗಿದ್ದ ಜಯಲತಾ ಪಟ್ಟಿ ಹಿಡಿದು ನಿಂತಳು. ಮೊದಲ ಹೆಸರು ಅಧ್ಯಕ್ಷೆಯದೇ. "ಚಂದ್ರಬಾಯಿ ಮಾಪಣ್ಣ, ಐದು ಕಿಲೋ." ಶಾಲೆಯಲ್ಲಿ ಹಾಜರಿ ಕೂಗುವ ದನಿಯಲ್ಲಿ ಅವಳು ಓದಿದಾಗ ಚಂದ್ರಬಾಯಿಯ ಎದೆ ಉಬ್ಬಿತು. ಸುಳ್ಳೇಕೆ, ಆ ಐದು ಕಿಲೋದಲ್ಲಿ ಹಿಡಿಯಿಂದ ಬಂದದ್ದು ಎರಡೂವರೆ. ಮಿಕ್ಕದ್ದು ಅಂದು ಬೆಳಿಗ್ಗೆ ಮೂಟೆಯಿಂದ ಸುರಿದದ್ದು.

ಪೀಪಾಯಿ ತುಂಬಿ ಚೆಲ್ಲಿತು! ಪಾದ್ರಿಯವರೇ ಕಣ್ಣರಳಿಸಿದರು. ಮಾರ್ಚಿನಲ್ಲಿ ಇನ್ನೊಂದು ಪೀಪಾಯಿ ಬೇಕಾಯಿತು. ರೇಶನ್ನಿನ ಕೆಂಪು ಜೋಳಕ್ಕೆ ತಾಸುಗಟ್ಟಲೆ ಸಾಲು ನಿಲ್ಲುವ ಹೆಂಗಸರು ಕೂಡ ಪಕ್ಕದವಳಿಗಿಂತ ಅರ್ಧ ಕಿಲೋ ಹೆಚ್ಚಿರಲಿ ಎಂದು ಮಕ್ಕಳ ತಾಟಿನಲ್ಲಿ ಒಂದು ರೊಟ್ಟಿ ಕಡಿಮೆ ಮಾಡಿದರು. ಹೆಚ್ಚಾದ ಕಾಳನ್ನು ಕಿರಾಣಿ ಅಂಗಡಿಗೆ ಮಾರಿ, ಈಸ್ಟರಿನ ಹೊತ್ತಿಗೆ ಹಾರ್ಮೋನಿಯಂ ತಂದರು. ಮರಾಠಿ ಸಭೆಯವರು ತಮ್ಮದನ್ನು ಮುಟ್ಟಗೊಡುತ್ತಿರಲಿಲ್ಲ ಎಂಬ ಸಂಕಟ ಚಂದ್ರಬಾಯಿಗೆ ಬಹಳ ದಿನದಿಂದ ಇತ್ತು. ಪಾದ್ರಿಯವರು ಅವಳ ಹೆಸರು ಹೇಳಿ ದೇವರಿಗೆ ಸ್ತೋತ್ರ ಸಲ್ಲಿಸಿದಾಗ ಅವಳು ತಲೆ ಬಾಗಿಸಿದಳೇನೋ ಸರಿ, ಕಿವಿ ಮಾತ್ರ ನೆಟ್ಟಗೇ ಇದ್ದವು. ಬರೀ ದುಡ್ಡಿನ ಆಸೆಗೇ ಆಸೆಬುರುಕತನ ಎನ್ನಬೇಕೆಂದು ಯಾರು ಹೇಳಿದರೋ.

ಇಷ್ಟರ ನಡುವೆ ನಾಲ್ಕು ಮನೆಯವರು ಬರುವುದು ನಿಂತುಹೋಯಿತು. ಅವರಲ್ಲಿ ಬಾಗಿಯೂ ಒಬ್ಬಳು. ವಾಲಧುನಿ ನಾಲೆಯ ದಂಡೆಯ ಝೋಪಡಿಯಲ್ಲಿ ಇದ್ದವಳು, ಕಟ್ಟಡದ ಕೆಲಸದಲ್ಲಿ ಬುಟ್ಟಿ ಹೊರುವವಳು. ಗಂಡನ ಪಾದದ ಮೇಲೆ ಕಬ್ಬಿಣದ ತೊಲೆ ಬಿದ್ದು ಅವನು ಮನೆ ಹಿಡಿದು ವರ್ಷವಾಗಿತ್ತು. ಆರಾಧನೆ ಮುಗಿದು ಎಲ್ಲರೂ ಅಂಗಳದಲ್ಲಿ ನಿಂತಿದ್ದಾಗ ಯಾರೋ ಬಾಗಿ ಯಾಕೆ ಬರುತ್ತಿಲ್ಲ ಎಂದು ಕೇಳಿದರು.

"ಹ್ಯಾಂಗ ಬಂದಾಳು? ದುಪ್ಪಟಿ ತಗದ ಮ್ಯಾಲ ಕಳ್ಳರು ತಾವ ಹೊರಗ ಬಿದ್ದರು" ಎಂದಳು ಚಂದ್ರಬಾಯಿ. ನಾಲ್ಕು ಜನ ಕೇಳುವಷ್ಟಲ್ಲ, ನಲವತ್ತು ಜನ ಕೇಳುವಷ್ಟು ಜೋರಾಗಿ. ಜಯಲತಾ ಆ ನಾಲ್ಕೂ ಹೆಸರು ಹೊಡೆದುಹಾಕಿದಳು.

ಮೇ ಎಂಟಕ್ಕೆ ರೈಲ್ವೆ ಹಡತಾಳ ಶುರುವಾಯಿತು. ಗಾಡಿಗಳು ನಿಂತವು. ಮಾಪಣ್ಣ ಯೂನಿಯನ್ನಿನ ಮೆರವಣಿಗೆಯಲ್ಲಿ ಹೋದವನು ಪೊಲೀಸರ ಕೈಗೆ ಸಿಕ್ಕಿ ಹನ್ನೆರಡು ದಿನ ಜೈಲಿನಲ್ಲಿದ್ದ. ತಿಂಗಳ ಕೊನೆಗೆ ಹಡತಾಳ ಮುಗಿದು ಬೇರೆಯವರು ಕೆಲಸಕ್ಕೆ ಹೋದರು. ಅವನಿಗೆ ಮಾತ್ರ ಕರೆ ಬರಲಿಲ್ಲ. ಪಗಾರವಿಲ್ಲ. ಕ್ವಾರ್ಟರ್ಸ್ ಬಿಡಬೇಕಾದೀತೆಂಬ ಸುದ್ದಿ ಬೇರೆ. ಕಿರಾಣಿಯವನು ಒಂದು ವಾರ ಉದ್ರಿ ಕೊಟ್ಟ, ಆಮೇಲೆ ಚಂದ್ರಬಾಯಿಯನ್ನು ಕಂಡರೆ ಬೇರೆ ಗಿರಾಕಿಯ ಕಡೆ ತಿರುಗತೊಡಗಿದ. ಮೂಟೆ ಬರಿದಾಯಿತು. ಕಡೆಗೆ ಅವಳು ಹಿಡಿಕಾಳಿನ ಡಬ್ಬಿಯನ್ನೇ ತೆಗೆದು ಇಬ್ಬರು ಹೆಣ್ಣುಮಕ್ಕಳಿಗೆ ಗಂಜಿ ಮಾಡಿದಳು. ದೇವರ ಪಾಲು ತಿಂದೆವಲ್ಲ ಎಂದುಕೊಂಡು ಖಾಲಿ ಡಬ್ಬಿಯನ್ನು ಮಗುಚಿಟ್ಟಳು. ಮಕ್ಕಳು ಇನ್ನಷ್ಟು ಇದೆಯೇ ಎಂದು ಕೇಳಿದರು.

ಭಾನುವಾರಕ್ಕೆ ಮೂರು ದಿನ ಉಳಿದಿತ್ತು. ಬೇರೆ ದಾರಿ ಕಾಣದೆ ಅವಳು ಪಾದ್ರಿಯವರ ಮನೆಗೆ ಹೋದಳು. ಅವಳು ಹೇಳುವ ಮುಂಚೆಯೇ ಅವರಿಗೆ ಅರ್ಥವಾಯಿತು. ಒಳ್ಳೆಯ ಮನುಷ್ಯ.

"ಅಕ್ಕಾರ, ನೀವೇನು ಚಿಂತಿ ಮಾಡಬ್ಯಾಡ್ರಿ. ಐತ್ವಾರ ಕಾಳು ಬರತದ. ಕತ್ತಲಾದ ಮ್ಯಾಲ ಹಿತ್ತಲ ಬಾಗಿಲಿಗಿ ಬರ್ರಿ. ಯಾರಿಗೂ ಕಾಣಂಗಿಲ್ಲ."

ಯಾರಿಗೂ ಕಾಣುವುದಿಲ್ಲ. ಆ ಮಾತು ಕೇಳಿ ಚಂದ್ರಬಾಯಿ ನಿಂತಲ್ಲೇ ನಿಂತಳು. ಎಲ್ಲರೂ ಎದ್ದು ಹೋಗಲೇಬೇಕೆಂಬ ನಿಯಮ ಯಾಕಿತ್ತು, ಚೀಲ ಸೆರಗಿನಲ್ಲಿ ಯಾಕಿರುತ್ತಿತ್ತು, ಮೊಳಕೈವರೆಗೂ ಕೈ ಒಳಗೆ ಹೋಗಿ ಅಷ್ಟು ಹೊತ್ತು ಯಾಕಿರುತ್ತಿತ್ತು, ಎಲ್ಲವೂ ಒಮ್ಮೆಲೇ ತಿಳಿಯಿತು. ಇದ್ದವರು ಸುರಿಯುತ್ತಿದ್ದರು, ಇಲ್ಲದವರು ತುಂಬಿಕೊಳ್ಳುತ್ತಿದ್ದರು, ನೋಡುವವರಿಗೆ ಎರಡೂ ಒಂದೇ. ಮರಗಮ್ಮ ಕಾರಣ ಹೇಗೆ ಹೇಳಿಯಾಳು? ಹೇಳಿದ ಮರುದಿನವೇ ಇಂಥವಳು ತೆಗೆದಳು, ಅಂಥವಳು ತೆಗೆದಳು ಎಂದು ಜನ ಲೆಕ್ಕ ಹಾಕುತ್ತಿದ್ದರು. ತನ್ನ ಕೈಯಾರೆ ಕಿತ್ತು ಮಡಿಚಿಟ್ಟದ್ದು ಎಂಥ ದುಪ್ಪಟಿ ಎಂದು ನೆನೆದು ಅವಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಅಲ್ಲಿಂದ ನೇರ ನಾಲೆಯ ದಂಡೆಗೆ ನಡೆದಳು. ಬಾಗಿ ಬಾಗಿಲಲ್ಲಿ ಕೂತು ಗಂಡನ ಪಾದಕ್ಕೆ ಎಣ್ಣೆ ತಿಕ್ಕುತ್ತಿದ್ದಳು. ಬಂದವಳನ್ನು ನೋಡಿ ಏಳಲಿಲ್ಲ.

"ನನಗ ಗೊತ್ತಿರಲಿಲ್ಲ ಬಾಗಿ" ಎಂದಳು ಚಂದ್ರಬಾಯಿ.

"ಏನು ಗೊತ್ತಿರಲಿಲ್ರಿ? ಕೆಲಸ ಇದ್ದ ತಿಂಗಳು ಹಾಕತಿದ್ದೆ, ಇಲ್ಲದ ತಿಂಗಳು ತಗೋತಿದ್ದೆ. ನಾ ಒಬ್ಬಾಕಿ ಅಲ್ಲ. ಮೊದಲಿನ ದೊಡ್ಡ ಅಯ್ನೋರು ಇದ್ದಾಗಿಂದ ಹಂಗ ನಡದದ."

"ನಂದು ತಪ್ಪಾತು. ಮಾಫ್ ಮಾಡು." ಸ್ವಲ್ಪ ತಡೆದು ಹೇಳಿದಳು, "ನಮ್ಮ ಮನ್ಯಾಗೂ ಈಗ ಕಾಳಿಲ್ಲ."

ಬಾಗಿ ಎಣ್ಣೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಅವಳ ಮುಖದಲ್ಲಿ ಸಂತೋಷವೂ ಇರಲಿಲ್ಲ, ಕನಿಕರವೂ ಇರಲಿಲ್ಲ.

"ಕಳ್ಳಿ ಅಂದದ್ದು ಎಲ್ಲಾರ ಮುಂದ. ಮಾಫಿ ಕೇಳಾದು ಇಲ್ಲಿ, ನಮ್ಮ ಜೋಪಡ್ಯಾಗ, ಯಾರೂ ಇಲ್ಲದಾಗ. ಇದು ಯಾವ ನ್ಯಾಯ್ರಿ ಅಕ್ಕಾ? ನನ್ನ ಮಗಳು ಸಭಾದ ಮಕ್ಕಳ ಕೂಡ ಆಡಾದು ಬಿಟ್ಟಾಳ. ಅಕಿಗಿ ಯಾರು ಹೇಳವರು?"

ಚಂದ್ರಬಾಯಿ "ಐತ್ವಾರ ಬಾ" ಎಂದಷ್ಟೇ ಹೇಳಿ ಹೊರಟಳು. ಬಾಗಿ ಮತ್ತೆ ಎಣ್ಣೆಯ ಬಟ್ಟಲಿಗೆ ಕೈ ಹಾಕಿದಳು.

ಆ ಮೂರು ದಿನ ಅವಳು ಪಟ್ಟ ಪಾಡು ಅವಳಿಗೇ ಗೊತ್ತು. ಹಿತ್ತಲ ಬಾಗಿಲು ಸುಲಭವಿತ್ತು. ಮಕ್ಕಳ ಹೊಟ್ಟೆ ತುಂಬುತ್ತಿತ್ತು, ಮಾನವೂ ಉಳಿಯುತ್ತಿತ್ತು, ಅಧ್ಯಕ್ಷೆಯ ಪಟ್ಟವೂ ಇರುತ್ತಿತ್ತು. ಆದರೆ ಬಾಗಿ ಕಳ್ಳಿಯಾಗಿಯೇ ಉಳಿಯುತ್ತಿದ್ದಳು. ಮಾಪಣ್ಣನಿಗೆ ಹೇಳಿದಾಗ ಅವನು, "ಜೇಲಿನ್ಯಾಗ ಎಲ್ಲಾರೂ ಕೈ ಚಾಚೇ ಉಂಡೇವಿ. ನೀ ನಿನ್ನ ಮನಸಿಗಿ ಬಂದಂಗ ಮಾಡು" ಎಂದ.

ಜೂನ್ ಎರಡು, ಮೊದಲ ಭಾನುವಾರ. ಆರಾಧನೆಗೆ ಮುಂಚೆ ಚಂದ್ರಬಾಯಿ ಜಯಲತಾಳಿಗೆ, "ನನ್ನ ಹೆಸರು ಮೊದಲ ಓದಬ್ಯಾಡ, ನಡುವ ಎಲ್ಲ್ಯಾರ ಓದು" ಎಂದಳು. ಪೀಪಾಯಿಯಲ್ಲಿ ಒಂದಿಷ್ಟು ಕಾಳು ಬೀಳಲಿ ಎಂಬುದು ಅವಳ ಲೆಕ್ಕ. ಜಯಲತಾ ಅದನ್ನು ದೀನತೆ ಎಂದುಕೊಂಡು, "ಕಷ್ಟದಾಗೂ ಎಷ್ಟು ಸಣ್ಣಾಗ್ತೀರಿ ಬಾಯಾರ" ಎಂದು ಮೆಚ್ಚಿಕೊಂಡಳು. ಚಂದ್ರಬಾಯಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ವಾಕ್ಯ ಓದಿಯಾಯಿತು, ಹೊಸ ಹಾರ್ಮೋನಿಯಂ ನುಡಿಸಿ ಹಾಡಿಯೂ ಆಯಿತು. ಹೆಸರುಗಳು ಶುರುವಾದವು. ಎರಡು ಕಿಲೋ, ಮೂರು ಕಿಲೋ, ಒಂದೂವರೆ. ತಿರುಗಿ ನೋಡಿದಳು. ಬಾಗಿ ಹಿಂದಿನ ಬಾಗಿಲಿನ ಚೌಕಟ್ಟಿಗೆ ಒರಗಿ, ಒಳಗೂ ಬಾರದೆ ಹೊರಗೂ ಹೋಗದೆ ನಿಂತಿದ್ದಳು.

"ಚಂದ್ರಬಾಯಿ ಮಾಪಣ್ಣ."

ಎದ್ದಳು. ಕೈಯಲ್ಲಿ ಖಾಲಿ ಚೀಲ ಎಲ್ಲರಿಗೂ ಕಾಣುವಂತೆ ಜೋತಾಡುತ್ತಿತ್ತು. ತಕ್ಕಡಿಯನ್ನು ದಾಟಿ ಪೀಪಾಯಿಯ ಮುಂದೆ ನಿಂತು, ಬೊಗಸೆ ಬೊಗಸೆಯಾಗಿ ಕಾಳು ಎತ್ತಿ ಚೀಲಕ್ಕೆ ಹಾಕತೊಡಗಿದಳು. ತಗಡಿಗೆ ಬಳೆ ತಾಗುವ ಸದ್ದು ಬಿಟ್ಟರೆ ಚರ್ಚಿನಲ್ಲಿ ಬೇರೆ ಸದ್ದಿರಲಿಲ್ಲ. ಪಾದ್ರಿಯವರು ಪ್ರಸಂಗಪೀಠದಿಂದ ಅರ್ಧ ಇಳಿದವರು ಅಲ್ಲೇ ನಿಂತರು.

"ಬಾಯಾರ, ಏನು ಮಾಡ್ಲಿಕತ್ತೀರಿ? ನಾ ಏನಂತ ಬರೀಲಿ?" ಎಂದಳು ಜಯಲತಾ.

"ತಗೊಂಡಾಳ ಅಂತ ಬರಿ. ನಮ್ಮ ಮನ್ಯಾಗ ನಾಕು ದಿನದಿಂದ ಜೋಳ ಇಲ್ಲ." ಸಭೆಯ ಕಡೆ ತಿರುಗಿದಳು. ಮಾತು ಜೋರಾಗಿಯೇ ಬಂತು. "ಈ ಪೀಪಾಯ್ದಾಗ ಹಾಕವರೂ ನಾವೇ, ತಗೊಳವರೂ ನಾವೇ. ಮೊದಲಿಂದ ಹಂಗ ಇತ್ತು. ನಾ ನನ್ನ ಹೆಸರಿನ ಆಸೆಕ್ಕ ದುಪ್ಪಟಿ ತಗದೆ. ಬಾಗೀಗಿ ಕಳ್ಳಿ ಅಂದೆ. ಕಳ್ಳಿ ಅಂದ್ರ ನಾನು. ನಾಕು ಮನಿ ಅನ್ನ ಕಸಗೊಂಡೀನಿ. ಜಯಲತಾ, ಬಾಗಿ ಹೆಸರು ಕರಿ."

"ಪಟ್ಟ್ಯಾಗ ಇಲ್ರಿ."

"ಕರಿ."

ಜಯಲತಾ ಕರೆದಳು. ಎಲ್ಲರ ಕತ್ತೂ ಬಾಗಿಲ ಕಡೆ ಹೊರಳಿತು. ಬಾಗಿ ಮಗಳ ಕೈ ಹಿಡಿದುಕೊಂಡು ನಡುವಿನ ದಾರಿಯಲ್ಲಿ ನಡೆದು ಬಂದಳು. ಹಿಂದಿನ ತಿಂಗಳು ಅವಳಿಗೆ ಕೆಲಸ ಸಿಕ್ಕಿತ್ತು. ಸೆರಗಿನಿಂದ ಚೀಲ ತೆಗೆದು, ತಕ್ಕಡಿಯನ್ನು ನೋಡಿಯೂ ನೋಡದವಳಂತೆ ದಾಟಿ, ಒಂದು ಸೇರಿನಷ್ಟು ಕೆಂಪು ಜೋಳವನ್ನು ಪೀಪಾಯಿಗೆ ಸುರಿದಳು. ಆಮೇಲೆ ಚಂದ್ರಬಾಯಿಯ ಚೀಲದೊಳಗೆ ಇಣುಕಿ ನೋಡಿದಳು.

"ಇಷ್ಟು ಸಾಲಂಗಿಲ್ರಿ ಅಕ್ಕಾ. ಇಬ್ಬರು ಹುಡುಗ್ಯಾರು ಅವ. ಇನ್ನೊಂದಿಷ್ಟು ತಗೋರಿ."

ಗಂಡನನ್ನು ಪೊಲೀಸರು ಒಯ್ದಾಗಲೂ ಅಳದಿದ್ದ ಚಂದ್ರಬಾಯಿ ಪೀಪಾಯಿಯ ಅಂಚು ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಬಾಗಿ ಅವಳ ಕೈಯಿಂದ ಚೀಲ ತೆಗೆದುಕೊಂಡು, ತಾನೇ ನಾಲ್ಕು ಬೊಗಸೆ ತುಂಬಿ, ಬಾಯಿ ಕಟ್ಟಿಕೊಟ್ಟಳು. ಪಾದ್ರಿಯವರು ಕೆಳಗೆ ಬಂದು ಜಯಲತಾಳ ಕೈಯಿಂದ ಪಟ್ಟಿ ಇಸಿದುಕೊಂಡು ಜೇಬಿಗೆ ಹಾಕಿಕೊಂಡರು. ಮೂರನೆಯ ಬೆಂಚಿನಿಂದ ಒಬ್ಬ ಹೆಂಗಸು ಹೆಸರು ಕರೆಯುವ ಮುಂಚೆಯೇ ಎದ್ದು ಪೀಪಾಯಿಯ ಕಡೆ ನಡೆದಳು. ಅವಳ ಚೀಲ ತುಂಬಿತ್ತೋ ಖಾಲಿಯಿತ್ತೋ ನೋಡದೆ, ಸಭೆಯವರೆಲ್ಲ ತಲೆ ತಗ್ಗಿಸಿಕೊಂಡರು.